ಶರತ್ಕಾಲದ ಪಕ್ಷಿವಲಸೆಯ ಪ್ರಥಮ ಸೂಚನೆಗಳು

ಉತ್ತರ ಗೋಳಾರ್ಧದ ಶೀತಪ್ರದೇಶಗಳಲ್ಲಿ ಗೂಡುಕಟ್ಟಿ ಮರಿಮಾಡಿದ ಹಕ್ಕಿಗಳು, ಅಲ್ಲಿ ಹಗಲು ಕುಗ್ಗಿ, ನೀರು ಹೆಪ್ಪುಗಟ್ಟಿ, ಹುಳುಹುಪ್ಪಟೆಗಳು ಕಾಣದಾಗುವುದಕ್ಕೆ ಬಹು ಮುಂಚೆಯೇ ಹೊರಟು, ದಕ್ಷಿಣದ ಬೆಚ್ಚನೆಯ ನಾಡುಗಳನ್ನು ಸೇರುವ ವಾರ್ಷಿಕ ಪ್ರಯಾಣಕ್ಕೆ ಶರತ್ಕಾಲದ ವಲಸೆ ಎಂದು ಹೆಸರು. ಭಾರತಕ್ಕೆ ಬರುವ ಈ ಅತಿಥಿಗಳಲ್ಲಿ ಬಹುಪಾಲು, ಸೈಬೀರಿಯ, ಮಂಗೋಲಿಯ, ಮಧ್ಯ ಏಷ್ಯದ ಹುಲ್ಲುಗಾವಲುಗಳು, ಟಿಬೆಟ್ಟಿನ ಸರೋವರತೀರಗಳು, ಹಿಮಾಲಯದ ಎತ್ತರದ ಕಣಿವೆಗಳು ಇವುಗಳಿಂದ ಹೊರಟು, ಸುಮಾರು 30 ದೇಶಗಳನ್ನು ಒಳಗೊಂಡ ಮಧ್ಯ ಏಷ್ಯದ ಪಕ್ಷಿಮಾರ್ಗವೆಂಬ ಆಕಾಶಪಥದಲ್ಲಿ ಇಳಿದು ಬರುವುವು. ಆ ಮಾರ್ಗದ ದಕ್ಷಿಣದ ತುದಿಗೆ ಸಮೀಪವಾಗಿರುವ ಕರ್ನಾಟಕದಲ್ಲಿ, ಈ ಆಗಮನ ಯಾವಾಗ ಮೊದಲಾಗುತ್ತದೆ, ಯಾವ ಚಿಹ್ನೆಗಳಿಂದ ಅದನ್ನು ತಿಳಿಯಬಹುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಶರತ್ಕಾಲವೆಂಬ ಹೆಸರು ನಮ್ಮ ನಾಡಿನ ಮಟ್ಟಿಗೆ ಪೂರ್ಣವಾಗಿ ಒಪ್ಪುವಂಥದಲ್ಲ. ಪಂಚಾಂಗದ ಪ್ರಕಾರ ಆಶ್ವಯುಜ ಕಾರ್ತಿಕ ಮಾಸಗಳೇ ಶರದೃತುವಾದರೂ, ಉತ್ತರದಿಂದ ಬರುವ ಹಕ್ಕಿಗಳ ಮೊದಲ ತಂಡ ಇಲ್ಲಿ ಕಾಲಿಡುವಾಗ ಆಷಾಢ ಮುಗಿದು ಶ್ರಾವಣ ಹಿಡಿಯುತ್ತಿರುತ್ತದೆ. ಮಲೆನಾಡಿನಲ್ಲಿ ಪುಷ್ಯದ ಮಳೆ ಬಿಡುವಿಲ್ಲದೆ ಸುರಿಯುತ್ತಿರುತ್ತದೆ. ಬಯಲುಸೀಮೆಯಲ್ಲಿ ಬಿತ್ತಿದ ರಾಗಿ ಇನ್ನೂ ಗೇಣುದ್ದ ಎದ್ದಿರುವುದಿಲ್ಲ. ಚಳಿಗಾಲದ ಅತಿಥಿಯನ್ನು ಮಳೆಗಾಲದ ನಡುವೆ ಯಾರೂ ನಿರೀಕ್ಷಿಸುವುದಿಲ್ಲವಾದ್ದರಿಂದ, ಅದು ಬಂದು ವಾರಗಳು ಕಳೆದರೂ ಜನ ಅದನ್ನು ಗಮನಿಸದಿರುವುದು ಸಹಜವೇ ಆಗಿದೆ. ಸಾಮಾನ್ಯ ನೋಟಕನು ವಲಸೆಯೆಂದೊಡನೆ ನೆನೆಯುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಮೇಲೆ ಸಾಲುಸಾಲಾಗಿ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು. ಆ ದೃಶ್ಯ ಭವ್ಯವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ನವೆಂಬರಿನ ದೃಶ್ಯ, ಕಥೆಯ ಕೊನೆಯ ಅಧ್ಯಾಯ. ಮೊದಲ ಅಧ್ಯಾಯವನ್ನು ಓದಬೇಕೆನ್ನುವವನು ಅದಕ್ಕೆ ಮೂರು ತಿಂಗಳು ಮುಂಚೆಯೇ, ಛತ್ರಿ ಹಿಡಿದು, ಯಾವುದಾದರೂ ಕೆರೆಯ ಕೋಡಿಯ ಬಳಿಯಲ್ಲಿಯೋ ಹಳ್ಳದ ಕಲ್ಲುಗಳ ನಡುವೆಯೋ ಒಂಟಿಯಾಗಿ ಓಡಾಡುವ ಗುಬ್ಬಿಗಾತ್ರದ ಹಕ್ಕಿಯೊಂದನ್ನು ಹುಡುಕಬೇಕು.

ಎಲ್ಲಕ್ಕಿಂತ ಮುಂಚೆ ಬರುವುವು ಗೊರವಗಳು. ಜುಲೈ ತಿಂಗಳ ಕೊನೆಯ ವೇಳೆಗೆ ಹಸಿರು ಗೊರವ ಮತ್ತು ಸಾಮಾನ್ಯ ಗೊರವಗಳು, ಆಗಸ್ಟಿನಲ್ಲಿ ಗದ್ದೆಗೊರವ, ನಮ್ಮ ಕೆರೆಗಳ ಅಂಚಿನಲ್ಲಿ ಒಂದೊಂದಾಗಿ ತೋರತೊಡಗುವುವು. ಹಿಂಭಾಗವನ್ನು ಎಡೆಬಿಡದೆ ಮೇಲೆಕೆಳಗೆ ತೂಗುತ್ತ, ಕೆಸರಿನ ಅಂಚನ್ನು ಕುಕ್ಕುತ್ತ ಸಾಗುವ ಸಾಮಾನ್ಯ ಗೊರವ, ಹತ್ತಿರ ಹೋದರೆ ತೀಕ್ಷ್ಣವಾದ ಸಿಳ್ಳಿನೊಡನೆ ಎದ್ದು, ನೀರಿಗೆ ತಗುಲಿದಂತೆಯೇ ತಗ್ಗಿನಲ್ಲಿ ಹಾರಿ ಆಚೆಯ ದಡ ಸೇರುತ್ತದೆ. ಇಷ್ಟು ಬೇಗ ಇವು ಹಿಂತಿರುಗುವುದಕ್ಕೆ ಕಾರಣವನ್ನು ಉತ್ತರದಲ್ಲಿಯೇ ಹುಡುಕಬೇಕು. ಅಲ್ಲಿಯ ಬೇಸಗೆ ಅತ್ಯಲ್ಪಕಾಲದ್ದು. ಮೊಟ್ಟೆಯಿಟ್ಟು ಕಾವು ಕೂತು ಮರಿಗಳನ್ನು ಹೊರತರುವ ಕಾರ್ಯವೆಲ್ಲ ಕೆಲವೇ ವಾರಗಳಲ್ಲಿ ಮುಗಿಯಬೇಕು. ಗೂಡು ಹಾಳಾಗಿ ಮರಿಯನ್ನು ಕಳೆದುಕೊಂಡ ಜೋಡಿಗಾದರೋ ಅಲ್ಲಿ ನಿಲ್ಲುವುದಕ್ಕೆ ಪ್ರಯೋಜನವೇ ಇಲ್ಲ. ಹೀಗಾಗಿ ಪ್ರಾಯದ ಹಕ್ಕಿಗಳು ಮೊದಲು ಹೊರಡುವುವು. ಆ ವರ್ಷ ಹುಟ್ಟಿದ ಮರಿಗಳು ರೆಕ್ಕೆ ಬಲಿತ ತರುವಾಯ, ಹಲವು ವಾರಗಳ ಬಳಿಕ, ದಾರಿ ತೋರುವ ಹಿರಿಯರಿಲ್ಲದೆಯೇ ಹಿಂದೆ ಬರುವುವು. ದುರ್ಬೀನು ಹಿಡಿದು ನೋಡಬಲ್ಲವನಿಗೆ ಈ ವ್ಯತ್ಯಾಸ ಗರಿಗಳಲ್ಲಿಯೇ ಕಾಣುತ್ತದೆ: ಆಗಸ್ಟಿನ ಹಕ್ಕಿಯ ಗರಿಗಳು ಸವೆದು ಮಾಸಿರುತ್ತವೆ; ಸೆಪ್ಟೆಂಬರಿನ ಹಕ್ಕಿಯ ಗರಿಗಳಿಗೆ ತಿಳಿಬಣ್ಣದ ಅಂಚು ಹೊಸದಾಗಿ, ಒಪ್ಪವಾಗಿ ಹೊಲಿದಂತಿರುತ್ತದೆ. ಒಂದು ಎಚ್ಚರಿಕೆಯೂ ಇಲ್ಲಿ ಅವಶ್ಯಕ. ಕರಾವಳಿಯ ಅಳಿವೆಗಳಲ್ಲಿ, ಇನ್ನೂ ಮರಿಮಾಡುವ ವಯಸ್ಸಿಗೆ ಬಾರದ ಕೆಲವು ನೀರುಹಕ್ಕಿಗಳು ಉತ್ತರಕ್ಕೆ ಹೋಗದೆ ಬೇಸಗೆಯನ್ನೆಲ್ಲ ಇಲ್ಲಿಯೇ ಕಳೆಯುವುದುಂಟು. ಜೂನಿನಲ್ಲಿ ಅಂಥದೊಂದನ್ನು ಕಂಡು ವಲಸೆ ಮೊದಲಾಯಿತೆಂದು ಬಗೆಯುವುದು ತಪ್ಪಾಗುತ್ತದೆ.

ಗೊರವಗಳ ಬೆನ್ನಿಗೇ, ಮಘೆ ಮತ್ತು ಹುಬ್ಬೆ ಮಳೆಗಳ ನಡುವೆ, ಅಂದರೆ ಆಗಸ್ಟಿನ ಉತ್ತರಾರ್ಧದಿಂದ ಸೆಪ್ಟೆಂಬರಿನ ಮೊದಲ ವಾರಗಳವರೆಗೆ, ಬೂದು ಸಿಪಿಲೆ ಬರುತ್ತದೆ. ಹಳ್ಳಿಗರು ಕುಂಡೆಕುಸ್ಕವೆಂದು ಕರೆಯುವ ವರ್ಗಕ್ಕೆ ಸೇರಿದ ಈ ಹಕ್ಕಿಯ ಬೆನ್ನು ಬೂದುಬಣ್ಣ, ಹೊಟ್ಟೆಯ ಕೆಳಗು ಹಳದಿ, ಬಾಲ ಮೈಗಿಂತ ಉದ್ದವೋ ಎನಿಸುವಷ್ಟು ನೀಳ. ಪಶ್ಚಿಮಘಟ್ಟದ ತೊರೆಗಳಲ್ಲಿ, ಕಾಫಿತೋಟದ ಒದ್ದೆ ದಾರಿಗಳಲ್ಲಿ, ಹೆಂಚಿನ ಮನೆಯ ಹಿತ್ತಿಲಿನ ಹಾವಸೆ ಹಿಡಿದ ಕಲ್ಲುಗಳ ಮೇಲೆ, ಬಾಲವನ್ನು ತಾಳಹಾಕಿದಂತೆ ಆಡಿಸುತ್ತ ಅದು ಒಂದು ಬೆಳಗ್ಗೆ ಹಠಾತ್ತಾಗಿ ಕಾಣಿಸಿಕೊಳ್ಳುತ್ತದೆ. ನಿನ್ನೆ ಇರಲಿಲ್ಲ, ಇಂದು ಇದೆ. ಕಣ್ಣಿಗಿಂತ ಕಿವಿಗೆ ಅದು ಮೊದಲು ತಿಳಿಯುವುದೇ ಹೆಚ್ಚು: ನೀರಿನ ಭೋರ್ಗರೆತವನ್ನು ಸೀಳಿಕೊಂಡು ಬರುವ, ಲೋಹದ ತುಣುಕುಗಳು ತಾಕಿದಂಥ ಎರಡು ಕಿರುದನಿಗಳು. ಒಂದೊಂದು ಸಿಪಿಲೆಗೂ ತನ್ನದೇ ಆದ ಹಳ್ಳದ ಭಾಗ ಉಂಟು. ಬೇರೊಂದು ಅಲ್ಲಿಗೆ ಬಂದರೆ ಅಟ್ಟಿ ಓಡಿಸುತ್ತದೆ. ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಬೂದು ಸಿಪಿಲೆಯೊಂದು ವರ್ಷವರ್ಷವೂ ಹಿಮಾಲಯದ ಕಡೆಯಿಂದ ಮುಂಬಯಿಯ ಒಂದೇ ಹುಲ್ಲುಹಾಸಿಗೆ ಮರಳಿ ಬಂದ ವೃತ್ತಾಂತವನ್ನು ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ದಾಖಲಿಸಿರುವರು. ಭರತಖಂಡದಷ್ಟು ವಿಸ್ತಾರವಾದ ಭೂಮಿಯಲ್ಲಿ ಅಂಗೈಯಗಲದ ಹಸುರನ್ನು ಪುನಃ ಪುನಃ ಕಂಡುಹಿಡಿಯುವ ಈ ಸಾಮರ್ಥ್ಯಕ್ಕೆ ಸಮನಾದ ಆಶ್ಚರ್ಯ ಪ್ರಕೃತಿಯಲ್ಲಿ ಹೆಚ್ಚಿಲ್ಲವೆಂದು ಈ ಲೇಖಕನ ಭಾವನೆ.

ಸಿಪಿಲೆಯ ಪ್ರಥಮದರ್ಶನವನ್ನು ಮಹತ್ತ್ವದ ಘಟನೆಯೆಂದು ಎಣಿಸಿದವರು ಆಧುನಿಕರೇ ಮೊದಲಲ್ಲ. ಸಂಸ್ಕೃತದಲ್ಲಿ ಖಂಜನ, ಖಂಜರೀಟ ಎಂಬ ಹೆಸರುಳ್ಳದ್ದು ಈ ಕುಲದ ಹಕ್ಕಿಯೇ. ಚಂಚಲವಾದ ಕಣ್ಣುಗಳಿಗೆ ಉಪಮಾನವಾಗಿ ಕವಿಗಳಿಗೆ ಅದು ಒದಗಿಬಂದುದು ಸರ್ವವಿದಿತ. ಕ್ರಿಸ್ತಶಕ 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಖಂಜನ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಆ ಹಕ್ಕಿಯನ್ನು ಮೊದಲಬಾರಿಗೆ ಕಂಡಾಗ ಉಂಟಾಗುವ ಫಲಗಳನ್ನು, ಅದು ಕುಳಿತಿದ್ದ ಸ್ಥಳ ಶುಭವೋ ಅಶುಭವೋ ಎಂಬುದನ್ನೂ ಅದರ ಬಣ್ಣದ ಭೇದಗಳನ್ನೂ ಅನುಸರಿಸಿ ವಿವರಿಸಿದ್ದಾನೆ. ಶಕುನವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಪ್ರಥಮದರ್ಶನವೆಂಬ ಮಾತಿನಲ್ಲಿಯೇ ಒಂದು ನಿರೀಕ್ಷಣೆ ಅಡಗಿದೆ: ಈ ಹಕ್ಕಿ ವರ್ಷದ ಒಂದು ಭಾಗದಲ್ಲಿ ಇರುವುದಿಲ್ಲ, ಅನಂತರ ಗೊತ್ತಾದ ಕಾಲದಲ್ಲಿ ಬರುತ್ತದೆ ಎಂಬುದನ್ನು ಆ ಕಾಲದ ಜನ ಚೆನ್ನಾಗಿ ಅರಿತಿದ್ದರು, ಅದನ್ನು ಮೊದಲು ಎಲ್ಲಿ ಕಂಡೆವೆಂದು ನೆನಪಿಡುತ್ತಲೂ ಇದ್ದರು. ನಮ್ಮ ಕೆರೆಗಳಲ್ಲಿ ವರ್ಷವಿಡೀ ಇರುವ ಕಪ್ಪುಬಿಳುಪಿನ ದೊಡ್ಡ ಸಿಪಿಲೆ ಬೇರೆ. ಅದನ್ನು ಕಂಡು ಅತಿಥಿ ಬಂದಿತೆಂದು ಭ್ರಮಿಸುವವರು ಇಂದಿಗೂ ಇದ್ದಾರೆ.

ಮಳೆಗಾಲದಲ್ಲಿ ಹಂಸಗಳು ಮಾನಸಸರೋವರದತ್ತ ಹೋಗುವುವೆಂಬ, ಕಾಳಿದಾಸನ ಮೇಘದೂತದಲ್ಲಿಯೂ ಬರುವ ಕವಿಸಮಯವೂ ಇಂಥ ಅನುಭವದಿಂದಲೇ ಹುಟ್ಟಿದ್ದಿರಬೇಕು. ಆ ಹಂಸವು ಪಟ್ಟೆತಲೆಯ ಹೆಬ್ಬಾತೇ ಎಂದು ಹಲವರು ಊಹಿಸಿರುವರು. ಟಿಬೆಟ್ಟಿನ ಸರೋವರಗಳಲ್ಲಿ ಅದು ಗೂಡುಕಟ್ಟುವುದಂತೂ ನಿಜ. ಪಶ್ಚಿಮದಲ್ಲಿ ಇದೇ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. ಚಳಿಗಾಲದಲ್ಲಿ ಅಂಬರಗುಬ್ಬಿಗಳು ಪೊಟರೆಗಳಲ್ಲಿ ಅಡಗಿ ನಿದ್ರಿಸುವುವೆಂದೂ, ಕೆಲವು ಹಕ್ಕಿಗಳು ಋತು ಬದಲಾದಾಗ ಬೇರೊಂದು ಜಾತಿಯಾಗಿ ರೂಪಾಂತರ ಹೊಂದುವುವೆಂದೂ ಅರಿಸ್ಟಾಟಲನಂಥ ಮಹಾಪಂಡಿತನೇ ಬರೆದುದರಿಂದ, ಆ ನಂಬಿಕೆ ಶತಮಾನಗಳವರೆಗೆ ಉಳಿಯಿತು.

ಸೆಪ್ಟೆಂಬರಿನಲ್ಲಿ ಉತ್ತರೆಯ ಮಳೆ ಹಿಡಿಯುವ ಹೊತ್ತಿಗೆ, ವಲಸೆಯನ್ನು ತಿಳಿಯುವ ಇಂದ್ರಿಯ ಕಿವಿಯೇ ಆಗುತ್ತದೆ. ಆಗ ಬರುವ ಉಲಿಯಕ್ಕಿಗಳು ಎಲೆಗಳ ಬಣ್ಣದವು, ಹೆಬ್ಬೆರಳಿನಷ್ಟು ಗಾತ್ರದವು. ಕಣ್ಣಿಗೆ ಬೀಳುವುದು ಅಪರೂಪ. ಲಂಟಾನದ ಪೊದೆಯೊಳಗಿಂದ ಯಾರೋ ನಾಲಗೆ ಲೊಟ್ಟೆ ಹಾಕಿದಂತೆ ಬಿಟ್ಟು ಬಿಟ್ಟು ಕೇಳುವ ಚೆಕ್ ಎಂಬ ಒಣ ಸದ್ದು ಜೊಂಡು ಉಲಿಯಕ್ಕಿಯದು. ಮಾವು ಹಲಸು ಆಲಗಳ ನೆತ್ತಿಯಿಂದ ಚೀವೀ ಎಂದು ಎರಡು ಸ್ವರಗಳಲ್ಲಿ ಇಳಿಯುವ ಉತ್ಸಾಹದ ಕರೆ ಹಸಿರು ಉಲಿಯಕ್ಕಿಯದು. ಬೆಂಗಳೂರು, ಮೈಸೂರುಗಳಂಥ ನಗರಗಳ ಉದ್ಯಾನಗಳಲ್ಲಿಯೂ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಈ ಸದ್ದುಗಳಿಲ್ಲದ ಬೆಳಗಿಲ್ಲ. ಆದರೂ, ಅವುಗಳ ಒಡತಿಯರು ಹಿಮಾಲಯದ ಆಚೆಯಿಂದ, ಹತ್ತು ಗ್ರಾಂ ಆಸುಪಾಸಿನ ದೇಹವನ್ನು ಹೊತ್ತು, ಹೆಚ್ಚಾಗಿ ರಾತ್ರಿಯ ಕತ್ತಲಿನಲ್ಲಿಯೇ ಹಾರಿಬಂದವರೆಂಬುದನ್ನು ಆ ಮರಗಳ ಕೆಳಗೆ ನಡೆದಾಡುವ ಸಾವಿರಾರು ಮಂದಿಯಲ್ಲಿ ಅರಿತವರು ವಿರಳ. ಕಂದು ಕಳಿಂಗನ ಆಗಮನವಾದರೋ ಹೀಗೆ ಗುಪ್ತವಾದುದಲ್ಲ. ಬಂದ ದಿನವೇ ಅದು ಬೇಲಿಯ ತುದಿಯಲ್ಲಿ ಕುಳಿತು, ಕರ್ಕಶವಾಗಿ ಗದರುತ್ತ, ತನ್ನ ಹಳೆಯ ಎಲ್ಲೆಯನ್ನು ಸಾರುತ್ತದೆ.

ಅದೇ ತಿಂಗಳಲ್ಲಿ, ಕವಲೊಡೆದ ಬಾಲದ ಅಂಬರಗುಬ್ಬಿಗಳು ಕೆರೆಗಳ ಮೇಲೆ ಸುಳಿದಾಡಿ, ಸಂಜೆಗೆ ವಿದ್ಯುತ್ ತಂತಿಗಳ ಮೇಲೆ ಸ್ವರಲಿಪಿಯಂತೆ ಸಾಲುಗೊಳ್ಳುವುವು; ಸೆಳೆವಗಳು ಹುಲ್ಲುಗಾವಲುಗಳ ಮೇಲೆ ರೆಕ್ಕೆಗಳನ್ನು ಮೇಲೆತ್ತಿ ತೇಲತೊಡಗುವುವು. ಉತ್ತರ ಕರ್ನಾಟಕದ ಎರೆಹೊಲಗಳಿಗೆ ಗುಲಾಬಿ ಕಬ್ಬಕ್ಕಿಗಳು ಬರುವುದು ಮೋಡ ಇಳಿದಂತೆ. ಮಧ್ಯ ಏಷ್ಯದಲ್ಲಿ ಮಿಡತೆಗಳ ಸಮೃದ್ಧಿಯನ್ನು ಅನುಸರಿಸಿ ಮರಿಮಾಡುವ ಈ ಹಕ್ಕಿಗಳ ಸಂತಾನಕಾರ್ಯ ಬೇಸಗೆಯ ಮೊದಲಲ್ಲಿಯೇ ಮುಗಿದುಬಿಡುವುದರಿಂದ, ವಾಯವ್ಯ ಭಾರತವನ್ನು ಅವು ಜುಲೈ ಆಗಸ್ಟಿಗೇ ಮುಟ್ಟುತ್ತವೆ. ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸುವ ರೈತನಿಗೆ ಅವು ಕಳ್ಳರು. ಆದರೆ ಅದೇ ಹಿಂಡು ಮಿಡತೆಗಳನ್ನು ತಿಂದು ಮಾಡುವ ಉಪಕಾರವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಹಸ್ತ ಚಿತ್ತೆಗಳ ಕಾಲದಲ್ಲಿ ಬರುವ ನವರಂಗವನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಕಾಡುಗಳಲ್ಲಿ ಮುಂಗಾರಿನೊಡನೆ ಮರಿಮಾಡಿ ದಕ್ಷಿಣಕ್ಕೆ ಬರುವ ಈ ಹಕ್ಕಿ ದೇಶದ ಗಡಿಯೊಳಗಿನ ವಲಸೆಗೆ ಉತ್ತಮವಾದ ನಿದರ್ಶನ. ಮೋಟುಬಾಲದ, ಹಸಿರು ನೀಲಿ ಕೆಂಪು ಕಂದುಗಳೆಲ್ಲ ಒಂದೇ ಮೈಯಲ್ಲಿ ಕೂಡಿದ ಈ ನೆಲವಾಸಿ, ರಾತ್ರಿಯಿಡೀ ಹಾರಿ ದಣಿದು, ದೀಪಗಳ ಬೆಳಕಿಗೆ ದಾರಿ ತಪ್ಪಿ, ಬೆಳಗಾಗುವಾಗ ಮನೆಯ ಜಗಲಿಯಲ್ಲಿಯೋ ಸ್ನಾನದ ಕೋಣೆಯಲ್ಲಿಯೋ ಕುಸಿದು ಕುಳಿತಿರುವುದು ಪ್ರತಿವರ್ಷವೂ ಕೇಳಿಬರುವ ಸಂಗತಿ. ಅಂಥದನ್ನು ಕಂಡವರು, ಬೆಕ್ಕು ಕಾಗೆಗಳಿಂದ ಕಾಪಾಡಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಕೆಲಕಾಲ ವಿಶ್ರಾಂತಿ ಕೊಟ್ಟು, ಚೇತರಿಸಿಕೊಂಡ ಮೇಲೆ ಗಿಡಗಂಟಿಗಳಿರುವಲ್ಲಿ ಬಿಟ್ಟುಬಿಡುವುದು ಉಚಿತ. ಬಾಯಿಗೆ ನೀರು ಸುರಿಯುವುದು ಅಪಾಯಕರ.

ಬರುವುವಷ್ಟೇ ಅಲ್ಲ, ಹೋಗುವುವೂ ಹಾದುಹೋಗುವುವೂ ಶರತ್ಕಾಲದ ಸೂಚನೆಗಳೇ. ನೈಋತ್ಯ ಮಾರುತದೊಡನೆ ಆಫ್ರಿಕದಿಂದ ಉತ್ತರಭಾರತಕ್ಕೆ ಬಂದ ಚಾತಕಗಳು ಮಳೆ ಹಿಂದೆಗೆಯುತ್ತಿದ್ದಂತೆ ಕಾಣದಾಗುವುವು. ಪೂರ್ವ ಏಷ್ಯದಿಂದ ಹೊರಟ ಅಮೂರ್ ಚಾಣಗಳು ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಕೂಡಿ, ನವೆಂಬರಿನಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದು, ಅರಬ್ಬೀಸಮುದ್ರವನ್ನು ದಾಟಿ ಆಫ್ರಿಕವನ್ನು ಸೇರುವುವು. 2012ರಲ್ಲಿ ದೋಯಾಂಗಿನ ಬಳಿ ಬಲೆಯೊಡ್ಡಿ ಅವುಗಳನ್ನು ಅಪಾರ ಸಂಖ್ಯೆಯಲ್ಲಿ ಕೊಲ್ಲುತ್ತಿದ್ದುದು ಬೆಳಕಿಗೆ ಬಂದು, ಮರುವರ್ಷವೇ ಪಾಂಗ್ತಿ ಮೊದಲಾದ ಹಳ್ಳಿಗಳ ಜನ ತಾವೇ ಮುಂದಾಗಿ ಆ ಬೇಟೆಯನ್ನು ನಿಲ್ಲಿಸಿದರು. ಇಷ್ಟು ಶೀಘ್ರವಾಗಿ, ಇಷ್ಟು ಪೂರ್ಣವಾಗಿ ಮನಸ್ಸು ಬದಲಿಸಿದ ಸಮುದಾಯಕ್ಕೆ ಗೌರವ ಸಲ್ಲಬೇಕು. ಇನ್ನು ಕೊಕ್ಕರೆ ಬೆಳ್ಳೂರಿಗೆ ಬಂದು ಊರಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆ ಕೊಕ್ಕರೆಗಳು, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರ ಆದರಕ್ಕೆ ಪಾತ್ರವಾಗಿದ್ದರೂ, ಇಲ್ಲಿ ಹೇಳುವ ಅರ್ಥದಲ್ಲಿ ವಲಸಿಗರಲ್ಲ. ಅವು ಮರಿಮಾಡುವುದಕ್ಕೆ ಬರುವುವು, ಉತ್ತರದವು ಮರಿಮಾಡಿ ಮುಗಿಸಿ ಬರುವುವು.

ಹೊರಡುವ ಕಾಲ ಬಂದಿತೆಂದು ಹಕ್ಕಿಗೆ ತಿಳಿಯುವುದು ಚಳಿಯಿಂದಲ್ಲ. ಕೆನಡಾದ ಆಲ್ಬರ್ಟದಲ್ಲಿ ವಿಲಿಯಂ ರೋವನ್ 1920ರ ದಶಕದಲ್ಲಿ, ಕೊರೆಯುವ ಚಳಿಗಾಲದಲ್ಲಿಯೇ ಪಂಜರದ ಹಕ್ಕಿಗಳಿಗೆ ವಿದ್ಯುದ್ದೀಪದಿಂದ ಹಗಲನ್ನು ದೀರ್ಘಗೊಳಿಸಿ, ಅವುಗಳ ಶರೀರದಲ್ಲಿ ವಸಂತದ ಮಾರ್ಪಾಡುಗಳನ್ನು ಉಂಟುಮಾಡಿ ತೋರಿಸಿದನು. ಹಗಲಿನ ಪ್ರಮಾಣವೇ ಮುಖ್ಯ ಸಂಕೇತವೆಂಬುದು ಅದರಿಂದ ಸ್ಪಷ್ಟವಾಯಿತು. ಜೂನಿನ ದೀರ್ಘದಿನ ಕಳೆದು ಹಗಲು ಕುಗ್ಗತೊಡಗಿದಂತೆ ಹಕ್ಕಿ ಗರಿಗಳನ್ನು ಬದಲಿಸಿ, ಹೊಟ್ಟೆಬಾಕನಂತೆ ತಿಂದು, ಕೊಬ್ಬನ್ನು ಕೂಡಿಸುತ್ತದೆ. ಕೆಲವು ಸಣ್ಣ ಹಕ್ಕಿಗಳ ತೂಕ ಬಹುಮಟ್ಟಿಗೆ ಇಮ್ಮಡಿಯಾಗುವುದೂ ಉಂಟು. ಆ ಕಾಲದಲ್ಲಿ ಪಂಜರದಲ್ಲಿರುವ ವಲಸೆಹಕ್ಕಿ ರಾತ್ರಿ ನಿದ್ರಿಸದೆ, ತಾನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ರೆಕ್ಕೆ ಬಡಿಯುತ್ತಿರುತ್ತದೆ. ದಿಕ್ಕನ್ನು ಹಗಲಿನಲ್ಲಿ ಸೂರ್ಯನಿಂದಲೂ ರಾತ್ರಿಯಲ್ಲಿ ನಕ್ಷತ್ರಗಳಿಂದಲೂ, ಇವೆರಡೂ ಮರೆಯಾದಾಗ ಭೂಮಿಯ ಕಾಂತಕ್ಷೇತ್ರದಿಂದಲೂ ಅವು ತಿಳಿಯಬಲ್ಲವೆಂಬುದು 20ನೆಯ ಶತಮಾನದ ಉತ್ತರಾರ್ಧದ ಪ್ರಯೋಗಗಳಿಂದ ದೃಢಪಟ್ಟಿದೆ. ದಿಕ್ಕನ್ನು ಅರಿಯುವುದು ಬೇರೆ, ದಾರಿಯನ್ನು ಅರಿಯುವುದು ಬೇರೆ ಎಂಬುದನ್ನು ತೋರಿಸಿದವನು ಹಾಲೆಂಡಿನ ಪರ್ಡೆಕ್. ವಲಸೆ ಹೊರಟಿದ್ದ ಸಾವಿರಾರು ಕಬ್ಬಕ್ಕಿಗಳನ್ನು ಹಿಡಿದು ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟಾಗ, ಮೊದಲ ವರ್ಷದ ಮರಿಗಳು ಹುಟ್ಟರಿವು ಹೇಳಿದ ದಿಕ್ಕಿಗೇ ಹಾರಿ ಬೇರೆ ನಾಡು ಸೇರಿದವು. ಒಮ್ಮೆ ಪ್ರಯಾಣ ಮಾಡಿದ್ದ ಹಿರಿಯ ಹಕ್ಕಿಗಳು ತಪ್ಪನ್ನು ತಿದ್ದಿಕೊಂಡು ತಮ್ಮ ಎಂದಿನ ಚಳಿಗಾಲದ ನೆಲೆಯತ್ತ ತಿರುಗಿದವು. ಇದರ ಫಲಿತಾಂಶ 1958ರಲ್ಲಿ ಪ್ರಕಟವಾಯಿತು.

ವಲಸೆಯ ಶಾಸ್ತ್ರೀಯ ಅಧ್ಯಯನಕ್ಕೆ ಅಡಿಗಲ್ಲಾದದ್ದು, 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸೆನ್ ಎಂಬ ಶಾಲಾ ಉಪಾಧ್ಯಾಯನು ಕಬ್ಬಕ್ಕಿಗಳ ಕಾಲಿಗೆ ಸಂಖ್ಯೆ ಕೆತ್ತಿದ ಲೋಹದ ಉಂಗುರಗಳನ್ನು ತೊಡಿಸಿದ ಕ್ರಮ. ಭಾರತದಲ್ಲಿ, 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ 1959ರಿಂದ ಉಂಗುರ ತೊಡಿಸುವ ಕಾರ್ಯವನ್ನು ವ್ಯಾಪಕವಾಗಿ ಕೈಗೊಂಡಿತು. ಅದಕ್ಕೆ ಎರಡು ದಶಕ ಮುಂಚೆ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗುವುದಕ್ಕೆ ಕಾರಣರಾದವರೂ ಅವರೇ. ಈಗ ಉಪಗ್ರಹದ ನೆರವಿನಿಂದ ಒಂದೊಂದು ಹಕ್ಕಿಯ ದಾರಿಯನ್ನೂ ದಿನದಿನವೂ ಅನುಸರಿಸಬಹುದು. ಪಟ್ಟೆತಲೆಯ ಹೆಬ್ಬಾತು ಹಿಮಾಲಯವನ್ನು ದಾಟುವಾಗ 7,000 ಮೀಟರ್ ಎತ್ತರವನ್ನು ಮೀರುವುದುಂಟಾದರೂ, ಸಾಧಾರಣವಾಗಿ ಬೆಟ್ಟಗಳ ಏರಿಳಿತವನ್ನು ಅನುಸರಿಸಿ ಕಣಿವೆಗಳಲ್ಲಿಯೇ ನುಸುಳುತ್ತದೆಂದು ತಿಳಿದದ್ದು ಹೀಗೆ. 2019ರಲ್ಲಿ ಮಂಗೋಲಿಯದಲ್ಲಿ ಯಂತ್ರ ಕಟ್ಟಿ ಬಿಟ್ಟ ಓನಾನ್ ಎಂಬ ಕೋಗಿಲೆಜಾತಿಯ ಹಕ್ಕಿ, ಭಾರತವನ್ನು ಹಾದು ಕಡಲು ದಾಟಿ, ಆಫ್ರಿಕದ ಜಾಂಬಿಯದಲ್ಲಿ ಚಳಿಗಾಲ ಕಳೆದು, ಮರುವರ್ಷ ಮತ್ತೆ ಮಂಗೋಲಿಯಕ್ಕೆ ಮರಳಿತು.

ಯಂತ್ರಗಳು ಎಷ್ಟು ಸೂಕ್ಷ್ಮವಾದರೂ, ಒಂದು ಊರಿಗೆ ಒಂದು ಜಾತಿ ಯಾವ ದಿನ ಬಂದಿತೆಂಬುದನ್ನು ಹೇಳಬಲ್ಲವನು ಆ ಊರಿನಲ್ಲಿ ಪ್ರತಿದಿನವೂ ನೋಡುವ ಮನುಷ್ಯನೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ ಪ್ರಾರಂಭವಾದ ಮೈಗ್ರಂಟ್ ವಾಚ್ ಎಂಬ ಯೋಜನೆ, ಕೆಲವು ಆಯ್ದ ಹಕ್ಕಿಗಳ ಮೊದಲ ದರ್ಶನದ ದಿನಾಂಕವನ್ನು ದೇಶದ ನಾನಾ ಭಾಗಗಳ ಹವ್ಯಾಸಿಗಳಿಂದ ಸಂಗ್ರಹಿಸಿತು. ಇಂಥ ದಾಖಲೆಯಲ್ಲಿ ಅಡಗಿರುವ ತೊಡಕನ್ನು ಮರೆಯಬಾರದು. ಮೊದಲು ಕಂಡ ದಿನವೆಂದರೆ ಮೊದಲು ಬಂದ ದಿನವೆಂದಲ್ಲ. ಭಾನುವಾರ ಮಾತ್ರ ಕೆರೆಗೆ ಹೋಗುವವನ ಹಕ್ಕಿಗಳೆಲ್ಲ ಭಾನುವಾರವೇ ಬರುವುವು. ನೋಡುವವರು ಹೆಚ್ಚಿದಂತೆ ದಿನಾಂಕ ಹಿಂದೆ ಸರಿಯುವುದೂ ಸಹಜ. ಅದನ್ನು ಹವಾಮಾನದ ಬದಲಾವಣೆಯೆಂದು ಆತುರದಿಂದ ತೀರ್ಮಾನಿಸಲಾಗದು. ಆದುದರಿಂದ, ಹೋಗಿ ನೋಡಿದೆ, ಹಕ್ಕಿ ಇರಲಿಲ್ಲ ಎಂದು ಬರೆದಿಟ್ಟ ಸಾಲಿಗೆ, ಹಕ್ಕಿಯನ್ನು ಕಂಡೆನೆಂಬ ಸಾಲಿನಷ್ಟೇ ಬೆಲೆಯುಂಟು. ಆಗಸ್ಟಿನ 20ರವರೆಗೆ ದಿನವೂ ಇಲ್ಲ ಇಲ್ಲವೆಂದು ಬರೆದು, 21ರಂದು ಇದೆ ಎಂದು ಬರೆದವನ ಪುಸ್ತಕವೇ ನಿಜವಾದ ಪ್ರಮಾಣ.

ಗೊರವಗಳಿಗೆ ಬೇಕಾದದ್ದು ಆಳವಾದ ನೀರಲ್ಲ, ನೀರು ನೆಲ ಕೂಡುವ ಕೆಸರಿನ ಅಂಚು. ಊರಿನ ಕೆರೆಗಳಿಗೆ ಸುತ್ತ ಕಲ್ಲು ಕಟ್ಟಿ, ಒಡ್ಡಿನವರೆಗೂ ನೀರು ತುಂಬಿ, ದಡದಲ್ಲಿ ದೀಪಗಳ ಸಾಲು ನಿಲ್ಲಿಸಿ ಅಂದಗೊಳಿಸುವ ಕಡೆಗಳಲ್ಲಿ ಆ ಅಂಚು ಅಳಿಸಿಹೋಗುತ್ತದೆ. ಕೆರೆ ಉಳಿದರೂ ಮೊದಲ ಅತಿಥಿಗೆ ಇಳಿಯಲು ಎಡೆಯಿರುವುದಿಲ್ಲ. ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದುದು ಸಂತೋಷದ ವಿಷಯ. ಆದರೆ ವಲಸೆಯ ಮುಂಗಡ ತಂಡಗಳು ಇಳಿಯುವುದು ಹೆಚ್ಚಾಗಿ ಯಾವ ಪಟ್ಟಿಯಲ್ಲಿಯೂ ಇಲ್ಲದ ಗುಂಡುತೋಪಿನ ಪಕ್ಕದ ಕಟ್ಟೆಗಳಲ್ಲಿ, ಗದ್ದೆಯ ಕಾಲುವೆಗಳಲ್ಲಿ.

ಅಕ್ಟೋಬರಿನಿಂದ ಬಾತುಗಳ ಸರದಿ. ಅವುಗಳಲ್ಲಿ ಎಲ್ಲಕ್ಕೂ ಮುಂದಾಗಿ ಬರುವ ಬಿಳಿಹುಬ್ಬಿನ ಬಾತು, ಅದರ ಹಿಂದೆ ಸೂಜಿಬಾಲದ ಬಾತು, ಚಲುಕದ ಬಾತು, ಕೊನೆಗೆ ಸ್ವಾತಿಯ ಮಳೆ ಮುಗಿದು ಆಕಾಶ ತಿಳಿಯಾದ ಮೇಲೆ ಹೆಬ್ಬಾತುಗಳು. ಹಗಲಲ್ಲಿ ಕೆರೆಯ ನಡುವೆ ವಿಶ್ರಮಿಸಿ, ಇರುಳು ಸುತ್ತಲಿನ ಹೊಲಗಳಿಗೆ ಹರಡಿ ಮೇಯುವ ಅವುಗಳ ಕೂಗು ಮಾಗಡಿಯ ಏರಿಯ ಮೇಲೆ ಮೊದಲಬಾರಿಗೆ ಕೇಳುವ ಹೊತ್ತಿಗೆ, ಘಟ್ಟದ ಹಳ್ಳದಲ್ಲಿಳಿದ ಬೂದು ಸಿಪಿಲೆ ತನ್ನ ಪಾಲಿನ ಕಲ್ಲುಗಳ ಒಡೆತನವನ್ನು ಎರಡು ಮೂರು ತಿಂಗಳು ನಡೆಸಿಯಾಗಿರುತ್ತದೆ.